ಕಪ್ಪು ಬಿಳುಪಿನಲ್ಲಿ ಗದ್ದಲ

ಮಂಡ್ಯದಲ್ಲಿ ಡಿಸೈನ್ ಅಂಗಡಿ ಇಟ್ಟುಕೊಂಡವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಪೆನ್‌ಡ್ರೈವ್ ಹಿಡಿದುಕೊಂಡು ಒಳಗೆ ಬರುತ್ತದೆ. ಮದುವೆ ಕಾರ್ಡು, ಫ್ಲೆಕ್ಸು, ಹಾಲಿನ ಡೇರಿಯ ಕ್ಯಾಲೆಂಡರು ಮಾಡಿಕೊಂಡು ತಣ್ಣಗಿದ್ದ ನನ್ನ ಅಂಗಡಿಗೆ ಒಂದು ದಿನ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಳು. "ಅಕ್ಕ, ರಾಕ್ ಮ್ಯೂಸಿಕ್ ಮ್ಯಾಗಜೀನ್ ಮಾಡ್ಬೇಕು, ನಮ್ ವಯಸ್ಸಿನವ್ರಿಗೆ," ಅಂದಳು.

ಮದ್ದೂರಿನ ಹುಡುಗಿ. ನಾಲ್ಕು ಜನ ಸೇರಿ ಬ್ಯಾಂಡು ಕಟ್ಟಿದ್ದರು. ಮೂವರು ಹುಡುಗರದು ಗಿಟಾರು, ಇವಳದು ಡ್ರಮ್ಮು. ಪತ್ರಿಕೆಯ ಹೆಸರು 'ಗದ್ದಲ'. ಸಂಪಾದಕಿ ಅವಳೇ, ಖರ್ಚು ಮಾತ್ರ ಮಂಡ್ಯದಲ್ಲಿ ಗಿಟಾರು, ಹಾರ್ಮೋನಿಯಂ ಮಾರುವ ಅಂಗಡಿಯವರದು.

ಜೊತೆಗೆ ಅವಳಪ್ಪನೂ ಬಂದಿದ್ದರು. ಸೋಮನಹಳ್ಳಿಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪು ಅವರದು. "ಅಗಲೆಲ್ಲ ನಾನು ಕಬ್ಬಿಣ ಬಡ್ದು ಮನೆಗೋದ್ರೆ ಅಲ್ಲಿ ಇವ್ಳು ಬಡೀತಾ ಕೂತಿರ್ತಾಳೆ. ಕಿವಿಗೆ ರಜವೇ ಇಲ್ಲ ಕಣಮ್ಮ. ಈ ಪುಸ್ತಕ ಆಚೆ ಬರ್ಲಿ, ನೋಡ್ತೀನಿ. ಚೆಂದಾಗಿದ್ರೆ ಸರಿ, ಇಲ್ದಿದ್ರೆ ಡ್ರಮ್ಮು ಅಟ್ಟಕ್ಕೆ," ಅಂದರು.

ಹುಡುಗಿ ನನ್ನ ಮುಖ ನೋಡಿದಳು. ಅವಳ ಡ್ರಮ್ಮು ಅಟ್ಟ ಹತ್ತುವುದೋ ಬಿಡುವುದೋ ನನ್ನ ಕೈಗೆ ಬಂದಿತ್ತು. ಯಾವ ಮದುವೆ ಕಾರ್ಡು ಮಾಡುವಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಸಿಟ್ಟು

ನಡುಪುಟಕ್ಕೆ ಬ್ಯಾಂಡಿನ ಫೋಟೋ ಬೇಕಿತ್ತು. ಹಿಂದೆ ಹೊಗೆ, ಬೆಂಕಿ, ಮಸಿ ಇರಬೇಕು, ಎಲ್ಲರ ಮುಖದಲ್ಲೂ ಸಿಟ್ಟಿರಬೇಕು ಎಂದು ಸಂಪಾದಕಿಯ ಅಪ್ಪಣೆಯಾಯಿತು. ಹೊಗೆ, ಬೆಂಕಿ, ಮಸಿ ಮೂರೂ ಒಂದೇ ಕಡೆ ಸಿಗುವುದು ಆಲೆಮನೆಯಲ್ಲಿ. ಯಲಿಯೂರಿನ ಹತ್ತಿರ ನನಗೆ ಪರಿಚಯದವರದೊಂದು ಆಲೆಮನೆ ಇತ್ತು. ನಾಲ್ವರೂ ಕಪ್ಪು ಟೀ ಶರ್ಟು ಹಾಕಿಕೊಂಡು ಬಂದು, ಬೆಲ್ಲ ಕುದಿಯುವ ಕೊಪ್ಪರಿಗೆಯ ಮುಂದೆ ಹುಬ್ಬು ಗಂಟಿಕ್ಕಿ ನಿಂತರು. ನಾನು ಕ್ಯಾಮೆರಾ ಎತ್ತಿದೆ.

ಅಷ್ಟರಲ್ಲಿ ಆಲೆಮನೆಯ ಯಜಮಾನಿ ಅಜ್ಜಿ ಬಂದರು. "ಯಾಕ್ರಪ್ಪ ಮಕ್ಕಳಾ ಮಕ ಇಂಗೆ ಗಂಟಾಕಂಡಿದ್ದೀರಿ? ಒಟ್ಟೆಗೇನೂ ತಿಂದಿಲ್ವಾ?"

"ತಿಂದವ್ರೆ ಅಜ್ಜಿ. ಫೋಟೋಗೆ ಸಿಟ್ಟು ಮಾಡ್ಕೊಂಡವ್ರೆ," ಅಂದೆ.

"ಯಾರ್ ಮ್ಯಾಲೆ?"

ಹುಡುಗಿ ಸ್ವಲ್ಪ ಯೋಚಿಸಿ, "ಸಮಾಜದ ಮೇಲೆ ಅಜ್ಜಿ," ಅಂದಳು.

"ಸಮಾಜದ ಮ್ಯಾಲೆ ಆಮ್ಯಾಕೆ ಸಿಟ್ಟು ಮಾಡ್ಕಳಿ. ಮೊದ್ಲು ಬೆಲ್ಲ ತಿನ್ನಿ, ಆರೋಯ್ತದೆ," ಅಂತ ಅಜ್ಜಿ ಒಬ್ಬೊಬ್ಬರ ಕೈಗೂ ಬಿಸಿ ಬೆಲ್ಲ ಕೊಟ್ಟರು. ಕುಡಿಯಲು ಕಬ್ಬಿನ ಹಾಲು ಬಂತು, ಅದಕ್ಕೆ ನಿಂಬೆಹಣ್ಣೂ ಬಂತು. ಅದಾದ ಮೇಲೆ ನಾನು ಎಷ್ಟು ಗದರಿಸಿದರೂ ಆ ಮುಖಗಳಿಗೆ ಸಿಟ್ಟು ಬರಲಿಲ್ಲ. ಎಲ್ಲಾ ಫೋಟೋದಲ್ಲೂ ನೆಂಟರ ಮನೆಗೆ ಬಂದ ಮಕ್ಕಳ ಕಳೆ.

ಒಂದು ಫೋಟೋ ಮಾತ್ರ ದಕ್ಕಿತು. ಗಿಟಾರಿನ ಹುಡುಗನೊಬ್ಬ ಆತುರ ಪಟ್ಟು ಬೆಲ್ಲದ ಪಾಕಕ್ಕೆ ಬಾಯಿ ಹಾಕಿ ನಾಲಿಗೆ ಸುಟ್ಟುಕೊಂಡು, ಕಣ್ಣು ಕೆಂಪು ಮಾಡಿ, ಬಾಯಿ ಅಗಲಿಸಿ ಕೂಗಿದ್ದ. ನಡುಪುಟದಲ್ಲಿ 'ನಮ್ಮ ಆಕ್ರೋಶ' ಎಂಬ ತಲೆಬರಹದ ಕೆಳಗೆ ಇರುವುದು ಅವನೇ.

ಕೆಟ್ಟ ಮಿಷನ್ನು

ಅಕ್ಷರಗಳು ನೆಟ್ಟಗಿರಬಾರದು ಎಂದು ಹುಡುಗಿ ಮೊದಲೇ ಹೇಳಿದ್ದಳು. ಸಾಲುಗಳು ಓರೆಯಾಗಿರಬೇಕು, ಅಕ್ಷರಗಳು ಉಗುರಿನಿಂದ ಕೆರೆದಂತಿರಬೇಕು. ಇಪ್ಪತ್ತು ವರ್ಷದಿಂದ ಸಾಲು ನೆಟ್ಟಗೆ ಮಾಡಿಯೇ ಅನ್ನ ತಿಂದವಳು ನಾನು. ಒಂದೊಂದು ಅಕ್ಷರ ಕೆರೆಯುವಾಗಲೂ ಜೀವ ಹಿಂಡಿದಂತಾಗುತ್ತಿತ್ತು. ಆದರೂ ಮಾಡಿದೆ. ಮಾಡುತ್ತ ಮಾಡುತ್ತ ರುಚಿ ಹತ್ತಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಕರಡು ತಿದ್ದುವವರು ನಿವೃತ್ತ ಕನ್ನಡ ಮೇಷ್ಟ್ರು. ಅವರು ಪುಟಗಳನ್ನು ಕೈಯಲ್ಲಿ ಹಿಡಿದು ಅತ್ತ ಓರೆ ಮಾಡಿದರು, ಇತ್ತ ಓರೆ ಮಾಡಿದರು. ಕೊನೆಗೆ ಪುಟ ಮೇಜಿನ ಮೇಲಿಟ್ಟು ತಾವೇ ಓರೆಯಾಗಿ ಕೂತು ಓದಿ ಮುಗಿಸಿದರು. ಒಂದು ಮಾತೂ ಬೈಯಲಿಲ್ಲ.

"ನಿಮ್ಮ ಪ್ರಿಂಟರು ಪೂರ್ತಿ ಕೆಟ್ಟಿದೆ ಕಣಮ್ಮ. ಹೇಳಿಕೊಳ್ಳೋಕೆ ಸಂಕೋಚ ಪಟ್ಕೋಬೇಡಿ. ನನ್ನ ಶಿಷ್ಯ ಒಬ್ಬ ರಿಪೇರಿ ಮಾಡ್ತಾನೆ, ಕಳಿಸ್ತೀನಿ," ಅಂದರು.

ನಾನು ಎಷ್ಟು ಬೇಡವೆಂದರೂ ಶಿಷ್ಯ ಮಧ್ಯಾಹ್ನವೇ ಬಂದ. ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪ್ರಿಂಟರು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿ, ಪರೀಕ್ಷೆಗೆಂದು 'ಗದ್ದಲ'ದ ಪುಟವನ್ನೇ ಹೊಡೆದು ನೋಡುತ್ತಿದ್ದ. ಹೊಡೆದದ್ದೆಲ್ಲ ಓರೆಯಾಗೇ ಬರುತ್ತಿತ್ತು. ಬೆವರು ಒರೆಸಿಕೊಂಡು ಸ್ಕ್ರೂಡ್ರೈವರು ಚೀಲಕ್ಕೆ ಹಾಕಿದ. "ಅಕ್ಕ, ಈ ಕಸುಬಿಗೆ ಬಂದ್ಮೇಲೆ ಇಂಗೆ ಕೆಟ್ಟಿರೋ ಮಿಷನ್ ನಾನು ಕಂಡಿಲ್ಲ. ಮೇಷ್ಟ್ರಿಗೆ ಮಾತ್ರ ಸರಿ ಓಯ್ತು ಅಂತ ಯೇಳ್ಬುಡಿ," ಅಂತ ಕೈ ಮುಗಿದು ಹೋದ.

ನಾಲ್ಕು ಮೂಲೆ

ಮುಖಪುಟಕ್ಕೆ ತಲೆಬುರುಡೆ. ಕಪ್ಪು ಹಿನ್ನೆಲೆ, ಬಿಳಿ ಬುರುಡೆ, ಅದರ ಕಣ್ಣಿನ ತೂತಿನಿಂದ ಗಿಟಾರಿನ ತಂತಿ. ಅಚ್ಚಾದ ಪ್ರತಿಗಳು ಮಡಚಿ ಪಿನ್ನು ಹೊಡೆಯಲು ಬೈಂಡಿಂಗ್ ಮಾಡುವ ಅಮ್ಮನ ಕೈಗೆ ಹೋದವು. ಆಕೆ ವರ್ಷವೆಲ್ಲ ಮುಟ್ಟುವುದು ಮದುವೆ ಕಾರ್ಡನ್ನೇ. ಕಟ್ಟು ಕೈಗೆ ಬಂದರೆ ಮೊದಲು ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು, ಆಮೇಲೆ ಮಾತು. ಮಗಳೊಂದಿಗೆ ಫೋನಿನಲ್ಲಿ ಮಾತಾಡುತ್ತ ಎಲ್ಲ ಪ್ರತಿಗಳಿಗೂ ಹಚ್ಚಿ ಮುಗಿಸಿದ್ದರು.

ನಾನು ಒಂದು ಪ್ರತಿ ಎತ್ತಿ ಹಿಡಿದೆ. "ಅಮ್ಮಾ, ಅದರ ಮೇಲೆ ಏನಿದೆ ಅಂತ ನೋಡಲಿಲ್ವಾ?" ಅಂದೆ. ಆಕೆ ಕನ್ನಡಕ ಹಾಕಿಕೊಂಡು ನೋಡಿ, "ಅಯ್ಯೋ ಬುಡವ್ವ, ಇಂತದಕ್ಕೇ ಅಲ್ವಾ ಅರಿಸಿನ ಜಾಸ್ತಿ ಬೇಕಾಗಾದು," ಅಂದರು.

ಹೆದರುತ್ತ ಹೆದರುತ್ತ ಹುಡುಗಿಗೆ ತೋರಿಸಿದೆ. ಅವಳು ಮೂಲೆಗಳನ್ನು ಬೆರಳಿನಲ್ಲಿ ಸವರಿ, ಮೂಸಿ ನೋಡಿ, "ಅಕ್ಕ, ಸೂಪರ್. ಯಾರೂ ಹಿಂಗೆ ಮಾಡಿಲ್ಲ. ಮುಂದಿನ ಸಂಚಿಕೆಗೆ ಕುಂಕುಮಾನೂ ಹಾಕೋಣ," ಅಂದಳು.

ಭಾನುವಾರ ಎಲ್ಲರೂ ಬನ್ನಿ

ಬಿಡುಗಡೆ ಭಾನುವಾರಕ್ಕೆ ಗೊತ್ತಾಯಿತು. ಮದ್ದೂರಿನ ಬಸ್ ಸ್ಟ್ಯಾಂಡಿನ ಎದುರು ಒಂದು ದೊಡ್ಡ ಫ್ಲೆಕ್ಸು ಹಾಕಿಸಬೇಕು, ಅದು ಕಪ್ಪು ಬಿಳುಪಿನಲ್ಲೇ ಇರಬೇಕು ಎಂದು ಹುಡುಗಿ ಹಟ ಹಿಡಿದಳು. ಅವಳು ಡ್ರಮ್ಮು ಬಾರಿಸುತ್ತ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿದ ಫೋಟೋ. ಮೂಲೆಯಲ್ಲಿ ಓದಲಾಗದ ಅಕ್ಷರದಲ್ಲಿ 'ಗದ್ದಲ'. ಕೆಳಗೆ ಓದಲಾಗುವ ಅಕ್ಷರದಲ್ಲಿ 'ಭಾನುವಾರ ಎಲ್ಲರೂ ಬನ್ನಿ'.

ನಮ್ಮ ಕಡೆ ಫ್ಲೆಕ್ಸಿಗೆ ಒಂದೇ ನಿಯಮ. ಬದುಕಿರುವವರು ಬಣ್ಣದಲ್ಲಿ, ಹೋದವರು ಕಪ್ಪು ಬಿಳುಪಿನಲ್ಲಿ. ಓದು ಬಾರದವರೂ ಓಡುವ ಬಸ್ಸಿನ ಕಿಟಕಿಯಿಂದಲೇ ಗುರುತು ಹಿಡಿಯುತ್ತಾರೆ. ಇದನ್ನು ಬಿಡಿಸಿ ಹೇಳಿದೆ. "ಅದೆಲ್ಲ ವಯಸ್ಸಾದವ್ರಿಗೆ ಅಕ್ಕ. ನಮ್ ಓದುಗರಿಗೆ ಅರ್ಥ ಆಗುತ್ತೆ," ಅಂದಳು. ಅವಳ ಓದುಗರಿಗೆ ಅರ್ಥವಾಯಿತು. ಓದುಗರ ಅಪ್ಪ ಅಮ್ಮಂದಿರಿಗೆ ಬೇರೆ ಅರ್ಥವಾಯಿತು. ಫ್ಲೆಕ್ಸು ಕಟ್ಟುವವನು ಪಾಪ ಎಳೇ ವಯಸ್ಸು ಎಂದು ಮರುಗಿ, ತನ್ನದೇ ಕಾಸಿನಲ್ಲಿ ಒಂದು ಚೆಂಡುಹೂವಿನ ಹಾರವನ್ನೂ ಹಾಕಿದ್ದನಂತೆ.

ಫ್ಲೆಕ್ಸು ಕಟ್ಟಿದ ಮಾರನೆಯ ಬೆಳಿಗ್ಗೆ ನಾನು ಪತ್ರಿಕೆಯ ಪ್ರತಿ ಹಿಡಿದು ಮದ್ದೂರಿನ ಅವರ ಮನೆಗೆ ಹೋದೆ. ಅಪ್ಪ ನೋಡಿ ತೀರ್ಪು ಕೊಡಬೇಕಿತ್ತಲ್ಲ. ಅವರು ಶಾಪಿಗೆ ಹೋಗಿದ್ದರು, ಸ್ವಲ್ಪ ಹೊತ್ತಿನಲ್ಲಿ ಬರುತ್ತಾರೆ ಅಂದರು ಅವಳಮ್ಮ. ನನ್ನನ್ನು ಕೂರಿಸಿ ಕಾಫಿಗೆ ಇಟ್ಟರು. ಹುಡುಗಿ ಹಿಂದಿನ ಕೋಣೆಯಲ್ಲಿ ಭಾನುವಾರಕ್ಕೆಂದು ಡ್ರಮ್ಮು ಬಡಿಯುತ್ತಿದ್ದಳು.

ಆಗ ಬಾಗಿಲಿಗೆ ಒಂದು ಟೆಂಪೋ ಬಂದು ನಿಂತಿತು. ಮಳವಳ್ಳಿಯಿಂದ ಹುಡುಗಿಯ ಸೋದರತ್ತೆ, ಜೊತೆಗೆ ಟೆಂಪೋ ತುಂಬ ನೆಂಟರು, ಕೈಯಲ್ಲಿ ಹಾರ, ಊದುಬತ್ತಿ. ಇಂಥ ಸುದ್ದಿ ಫೋನಿನಲ್ಲಿ ಕೇಳುವುದು ಹೇಗೆ ಎಂದು ಯಾರೂ ಫೋನು ಮಾಡಿರಲಿಲ್ಲ. ಅತ್ತೆ ಇಳಿಯುತ್ತಲೇ ಒಳಗಿನ ಸದ್ದು ಕೇಳಿದರು. "ಅಯ್ಯೋ ನನ್ ಕೂಸೇ, ಆಗ್ಲೇ ತಮಟೆ ಸುರುವಾಗ್ಬುಟ್ಟದಲ್ಲವ್ವಾ," ಎಂದು ಎದೆ ಬಡಿದುಕೊಂಡು ಅಳತೊಡಗಿದರು.

ಹುಡುಗಿಯ ಅಮ್ಮ ಕಾಫಿ ಲೋಟ ಹಿಡಿದು ಹೊರಗೆ ಬಂದವರು, ಇಷ್ಟು ಜನ ಅಳುವುದನ್ನು ಕಂಡು ಮಳವಳ್ಳಿಯಲ್ಲಿ ಯಾರೋ ತೀರಿಕೊಂಡರು ಎಂದು ತಿಳಿದು ತಾವೂ ಅಳಲು ಶುರು ಮಾಡಿದರು. ನಾದಿನಿ ಅತ್ತಿಗೆ ಇಬ್ಬರೂ ತಬ್ಬಿಕೊಂಡರು.

"ಯಾವಾಗಾಯ್ತು ಅಕ್ಕಯ್ಯಾ?" ಅಂದರು ಅಮ್ಮ.

"ನೀನಲ್ವಾ ಯೇಳ್ಬೇಕು? ಯಾವಾಗಾಯ್ತು?" ಅಂದರು ಅತ್ತೆ.

"ನಂಗೇನ್ ಗೊತ್ತು? ಮನೇಲೇ ಇದ್ದೆ."

"ಮನೇಲೇ ಇದ್ದು ಇಂಗಾಗೋಯ್ತಾ?"

ನನಗೆ ಅಷ್ಟು ಹೊತ್ತಿಗೆ ಫ್ಲೆಕ್ಸು ನೆನಪಾಗಿತ್ತು. ಬಾಯಿ ಬಿಡುವಷ್ಟರಲ್ಲಿ ಒಳಗಿನ ತಮಟೆ ನಿಂತಿತು. ಹುಡುಗಿ ಎರಡು ಕೋಲು ಹಿಡಿದು, ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಅತ್ತೆ, ಯಾರು ಹೋದ್ರು?" ಎಂದು ಕೇಳಿದಳು.

ಅತ್ತೆ ಮೊದಲು ಅವಳ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ತಬ್ಬಿಕೊಂಡು, ತಂದ ಹಾರವನ್ನು ಅವಳ ಕೊರಳಿಗೇ ಹಾಕಿ, ಮೊದಲಿಗಿಂತ ಜೋರಾಗಿ ಅತ್ತರು.

ಆ ಹೊತ್ತಿಗೆ ಅಪ್ಪ ಓಡಿ ಬಂದರು. ವೆಲ್ಡಿಂಗ್ ಕನ್ನಡಕ ಇನ್ನೂ ಹಣೆಯ ಮೇಲೇ ಇತ್ತು. ಗೇಟು ಮಾಡಿಸಲು ಬಂದ ಗಿರಾಕಿಯೊಬ್ಬ, "ಗೇಟು ನಿದಾನಕ್ಕಾಗ್ಲಿ ಬುಡಣ್ಣ. ಇಂತಾ ದಿನ ಅಂಗ್ಡಿ ತಗ್ದಿದ್ದೀಯಲ್ಲ, ಮಗ್ಳ ಮುಂದೆ ಇರಬಾರ್ದಾ?" ಅಂದನಂತೆ. ಮಗಳು ಅನ್ನುವ ಮಾತೊಂದೇ ಕಿವಿಗೆ ಬಿದ್ದು ಗಾಡಿ ಹತ್ತಿದ್ದರು. ಹಾರ ಹಾಕಿಕೊಂಡು ನಿಂತಿದ್ದ ಮಗಳನ್ನು ನೋಡಿದರು. ಅವಳ ಮುಖ ಮುಟ್ಟಿ ನೋಡಿದರು. ಹೊಸಿಲ ಮೇಲೆ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಸುಧಾರಿಸಿಕೊಂಡ ಮೇಲೆ ಹುಡುಗಿ ಮೆಲ್ಲಗೆ ಪತ್ರಿಕೆಯನ್ನು ಅವರ ಕೈಗಿಟ್ಟಳು. ಅವರು ಮುಖಪುಟದ ಬುರುಡೆ ನೋಡಿದರು, ಬಿಡಿಸಲೇ ಇಲ್ಲ. ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡರು.

"ಅಟ್ಟ ಗಿಟ್ಟ ಏನೂ ಬ್ಯಾಡ ಕಣ್ಮಗ. ಬಡಿ. ಕಿವಿ ಓದ್ರೆ ಓಗ್ಲಿ, ನಿಂಗೆಷ್ಟು ಬೇಕೋ ಅಷ್ಟು ಬಡಿ," ಅಂದರು. ಮತ್ತೆ ನನ್ನ ಕಡೆ ತಿರುಗಿ, "ಆದ್ರೆ ಕಣಮ್ಮ, ಇನ್ಮ್ಯಾಕೆ ಏನ್ ಬಡಿಯೋದಿದ್ರೂ ಕಲರ್‌ನಾಗೇ ಬಡೀಲಿ," ಅಂದರು.