ಅತ್ತೆ ಕೋಟು ತೆಗೆದರು

ಚಳಿಯ ವಿಷಯದಲ್ಲಿ ಎನೆಬಿಶ್‌ಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಉಲಾನ್‌ಬಾತರಿನ ಮಾಂಸದ ಶೀತಲಗೃಹದಲ್ಲಿ ಅವನದು ಮೂರು ವರ್ಷದ ಸರ್ವಿಸ್ಸು. ಕುರಿ ಕಡಿದು ಹೊರಗಿನ ಬೇಲಿಗೆ ನೇತುಹಾಕಿದರೆ ನಾಲ್ಕು ತಿಂಗಳು ಕಲ್ಲಿನಂತೆ ಇರುವ ಊರಿನಲ್ಲಿ, ಮಾಂಸ ತಣ್ಣಗಿಡುವುದಕ್ಕೆಂದೇ ಸಂಬಳ ಪಡೆಯುವ ಪುಣ್ಯಾತ್ಮ ಅವನು. ಜನವರಿಯಲ್ಲಿ ಹೊರಗೆ ಮೈನಸ್ ಮೂವತ್ತೈದು, ಶೀತಲಗೃಹದೊಳಗೆ ಮೈನಸ್ ಹದಿನೆಂಟು. ಚಳಿ ಕಾಯಿಸಿಕೊಳ್ಳಲು ಕೆಲಸಗಾರರೆಲ್ಲ ಒಳಗೆ ಹೋಗಿ ಕೂರುತ್ತಿದ್ದರು.

ಅಂಥವನ ಮನೆಗೆ ಅತ್ತೆ ದೆಜಿದಮ್ಮ ಒಂದು ಭಾನುವಾರ ಬಂದರು. ಗುಡ್ಡದ ಮೇಲಿನ ಬೇಲಿಯೊಳಗೆ ಉಣ್ಣೆ ಹೊದಿಸಿದ ದುಂಡುಮನೆ, ನಡುವೆ ಕಬ್ಬಿಣದ ಒಲೆ, ಒಲೆಯ ಪಕ್ಕ ಏಳು ತಿಂಗಳ ಮೊಮ್ಮಗಳು. ಅತ್ತೆ ಕುರಿತೊಗಲಿನ ಕೋಟು ತೆಗೆಯದೆಯೇ ಕೂತರು, ಕೋಟಿನಲ್ಲೇ ಚಹಾ ಕುಡಿದರು. ಮಗುವಿನ ಅಂಗಾಲು ಮುಟ್ಟಿ ನೋಡಿ ತೀರ್ಪು ಕೊಟ್ಟರು.

"ಹೊಸ ವರ್ಷಕ್ಕೆ, ಬಿಳಿ ತಿಂಗಳ ಹಬ್ಬದ ಮೂರನೇ ದಿನ ಬರ್ತೀನಿ. ಈ ಕೋಟು ತೆಗೆದು ಕೂರೋ ಹಾಗಿದ್ರೆ ಸರಿ. ಇಲ್ಲದಿದ್ರೆ ಮಗಳನ್ನೂ ಮಗೂನೂ ನನ್ನ ಫ್ಲಾಟಿಗೆ ಕರಕೊಂಡು ಹೋಗ್ತೀನಿ. ಹುಲ್ಲು ಚಿಗುರಿದ ಮೇಲೆ ಕಳಿಸ್ತೀನಿ."

ಹುಲ್ಲು ಚಿಗುರುವುದೆಂದರೆ ಮೇ ತಿಂಗಳು. ಮೂರು ತಿಂಗಳು ಮಗಳ ಮುಖ ಕಾಣದೆ, ಒಬ್ಬನೇ ಒಲೆಯ ಮುಂದೆ ಕೂತಿರುವ ತನ್ನ ಚಿತ್ರ ಎನೆಬಿಶ್‌ನ ಕಣ್ಣಿಗೆ ಕಟ್ಟಿತು. ಅತ್ತೆ ಗೇಟು ದಾಟುವ ಮೊದಲೇ ಅವನು ಪಣ ತೊಟ್ಟಿದ್ದ.

"ಸೊಲೊಂಗೊ, ಚಳಿ ಹೊರಗೆ ಓಡಿಹೋಗದ ಹಾಗೆ ಕಾಯೋನು ನಾನು. ಶಾಖ ಕಾಯೋದು ನಂಗೆ ಯಾವ ಲೆಕ್ಕ?"

"ನೀನು ಅಲ್ಲಿ ಕಾಯೋದು ಸತ್ತ ಕುರಿಗಳನ್ನ," ಎಂದಳು ಹೆಂಡತಿ. "ನಾವಿಲ್ಲಿ ಇನ್ನೂ ಉಸಿರಾಡ್ತಾ ಇದೀವಿ."

ಈ ಮಾತಿನಲ್ಲೇ ಇಡೀ ವಿಜ್ಞಾನ ಅಡಗಿತ್ತು ಎಂದು ಅವನಿಗೆ ಗೊತ್ತಾಗಲು ಇನ್ನೂ ಎರಡು ವಾರವಿತ್ತು.

ಶೀತಲಗೃಹದಲ್ಲಿ ಬೇಡವೆಂದು ಬಿಸಾಡಿದ್ದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ಅವನು ಹೆಗಲ ಮೇಲೆ ಹೊತ್ತು ತಂದ. ಉಣ್ಣೆಯ ಗೋಡೆಗೆ ಒಳಗಿನಿಂದ ಸುತ್ತಲೂ ಪ್ಲಾಸ್ಟಿಕ್ ಹೊಡೆದ. ಸೂರಿನ ನೆತ್ತಿಯಲ್ಲಿ ಗಾಡಿಚಕ್ರದಷ್ಟು ಅಗಲದ ಬೆಳಕಿಂಡಿ ಇತ್ತು; ಅದಕ್ಕೂ ಮೂರು ಪದರ ಬಿಗಿದು ಟೇಪು ಸುತ್ತಿದ. ಒಲೆಯ ಹೊಗೆಕೊಳವೆ ಹೊರಹೋಗುವ ಜಾಗಕ್ಕೂ ಕೈ ಹಾಕಿದಾಗ ಸೊಲೊಂಗೊ ಸೌಟು ಹಿಡಿದು ಎದುರು ನಿಂತಳು.

"ಅಲ್ಲಿ ಒಂದು ಅಂಗೈ ಅಗಲ ಬಿಡ್ತೀಯೋ, ಇಲ್ಲ ನಾನು ಈಗಲೇ ಅಮ್ಮನ ಮನೆಗೆ ಹೊರಡಲೋ?"

ಬಿಟ್ಟ. ಆದರೆ ಅವಳ ಇನ್ನೊಂದು ಮಾತು ಮಾತ್ರ ಅವನ ಕಿವಿಗೆ ಹೋಗಲಿಲ್ಲ.

"ಗಾಳಿ ನುಗ್ತಿರೋದು ಕೆಳಗಿನಿಂದ ಕಣೋ. ಗೋಡೆ ಬುಡದಲ್ಲಿ ನನ್ನ ಕಾಲು ಮರಗಟ್ಟತ್ತೆ."

"ಶಾಖ ಯಾವಾಗಲೂ ಮೇಲಕ್ಕೆ ಹೋಗತ್ತೆ. ಇದು ಶಾಸ್ತ್ರ."

"ಮಗು ಮಾತ್ರ ಕೆಳಗೇ ಮಲಗತ್ತೆ. ಇದು ಸಂಸಾರ."

ಮೊದಲ ಎರಡು ದಿನ ಮನೆ ನಿಜಕ್ಕೂ ಬೆಚ್ಚಗಿತ್ತು. ಎನೆಬಿಶ್ ಬನಿಯನ್ನಿನಲ್ಲಿ ಓಡಾಡುತ್ತಾ ಚಕ್ರವರ್ತಿಯಂತೆ ಮೀಸೆ ತೀಡಿಕೊಂಡ; ಮೀಸೆ ಇರಲಿಲ್ಲ, ಆ ಮಾತು ಬೇರೆ. ಮೂರನೇ ದಿನ ಗೋಡೆ ಬೆವರಿತು. ನಾಲ್ಕನೇ ದಿನ ಹಾಸಿಗೆ ಒದ್ದೆಯಾಯಿತು. ಮಗಳ ಮೇಲೆ ಅನುಮಾನಪಟ್ಟರು. ಪಾಪ, ಅವಳ ಬಟ್ಟೆ ಒಣಗಿಯೇ ಇತ್ತು. ಐದನೇ ದಿನ ಬೆಳಿಗ್ಗೆ ಅವನು ಏಳಲು ನೋಡಿದರೆ ತಲೆ ಬರಲೊಲ್ಲದು. ಕೂದಲು ಗೋಡೆಗೆ ಅಂಟಿ ಹೆಪ್ಪುಗಟ್ಟಿತ್ತು. ಸೊಲೊಂಗೊ ಉಗುರುಬೆಚ್ಚಗಿನ ಚಹಾ ಸುರಿದು ಬಿಡಿಸಿದಳು. ಆ ಊರಲ್ಲಿ ಚಹಾಕ್ಕೆ ಉಪ್ಪು ಹಾಕುವುದು ವಾಡಿಕೆ. "ಉಪ್ಪು ಹಾಕಿಲ್ಲ, ಹೆದರಬೇಡ," ಎಂದಳು.

ಮೂವರ ಉಸಿರು, ಚಹಾದ ಹಬೆ, ಒಗೆದ ಬಟ್ಟೆಯ ತೇವ, ಯಾವುದಕ್ಕೂ ಹೋಗಲು ದಾರಿಯಿಲ್ಲ. ಎಲ್ಲವೂ ಮೇಲಕ್ಕೇರಿ ಬೆಳಕಿಂಡಿಯ ಪ್ಲಾಸ್ಟಿಕ್ಕಿಗೆ ಮಂಜಾಗಿ ಕಚ್ಚಿಕೊಂಡು, ದಿನಕ್ಕಿಷ್ಟು ದಪ್ಪವಾಗುತ್ತಿದ್ದವು. ಎನೆಬಿಶ್ ಅದನ್ನು ನೋಡಿ, "ನಾಲ್ಕನೇ ಪದರ, ಪುಕ್ಕಟೆ," ಎಂದು ಸಮಾಧಾನಪಟ್ಟ.

ಹಬ್ಬದ ಮೂರನೇ ದಿನ ಬಂತು. ಬಿಳಿ ತಿಂಗಳಲ್ಲಿ ಬಂದವರಿಗೆಲ್ಲ ಬೂಜ್ ಬೇಕು. ಹಬೆಯಲ್ಲಿ ಬೆಂದ ಮಾಂಸದ ಕಡುಬು. ಬೆಳಗಿನಿಂದ ನೂರೆಪ್ಪತ್ತು ಕಡುಬು ಬೆಂದಿದ್ದವು. ಒಳಗೆ ಹಬೆ ಎಷ್ಟಿತ್ತೆಂದರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ದನಿಯಿಂದ ಗುರುತಿಸುತ್ತಿದ್ದರು.

ಸರಿಯಾಗಿ ಮಧ್ಯಾಹ್ನ ದೆಜಿದಮ್ಮ ಬಾಗಿಲು ತೆರೆದರು.

ಮೈನಸ್ ಮೂವತ್ತರ ಚಳಿ ಬೆಳ್ಳನೆಯ ಕುರಿಮಂದೆಯಂತೆ ಒಳಗೆ ನುಗ್ಗಿತು. ನೂರೆಪ್ಪತ್ತು ಕಡುಬಿನ ಹಬೆ ಅದನ್ನು ಎದುರುಗೊಂಡು, ಗಾಳಿಯಲ್ಲಿ ನಿಂತಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, ಸದ್ದೇ ಇಲ್ಲದೆ, ಮನೆಯೊಳಗೆ ಹಿಮ ಬೀಳತೊಡಗಿತು.

ತೆರೆದ ಬಾಗಿಲಿನ ಬಿಸಿಲಿನಲ್ಲಿ ಒಂದೊಂದು ಹರಳೂ ಮಿನುಗುತ್ತಾ, ಹಬ್ಬದ ತಟ್ಟೆಯ ಮೇಲೆ, ಒಲೆಯ ಮೇಲೆ, ಸೊಲೊಂಗೊಳ ರೆಪ್ಪೆಯ ಮೇಲೆ ಇಳಿಯಿತು. ಒಲೆ ತಾಗಿದ್ದು ಚುಂಯ್ ಎಂದು ಮಾಯವಾಯಿತು. ಮಗು ಎರಡೂ ಕೈ ಎತ್ತಿ ಒಂದು ಹರಳು ಹಿಡಿಯಿತು, ಅಂಗೈ ತೆರೆದು ನೋಡಿತು, ಇರಲಿಲ್ಲ. ಮತ್ತೆ ಕೈ ಎತ್ತಿತು. ಎನೆಬಿಶ್ ಒಂದು ಗಳಿಗೆ ಅತ್ತೆಯನ್ನೂ ಕೋಟನ್ನೂ ಮರೆತು ಬಾಯಿ ತೆರೆದು ನಿಂತ. ಅವನ ನಾಲಿಗೆಯ ಮೇಲೂ ಒಂದು ಬಿತ್ತು. ಕುರಿಮಾಂಸದ ರುಚಿ ಇತ್ತು.

"ಅರವತ್ತೆಂಟು ಚಳಿಗಾಲ ಕಂಡಿದೀನಿ," ಎಂದರು ದೆಜಿದಮ್ಮ, ಪಿಸುಮಾತಿನಲ್ಲಿ. "ಮನೆಯೊಳಗೆ ಮಾತ್ರ ಇದೇ ಮೊದಲು."

ಅವನು ಎಚ್ಚೆತ್ತು, ಎರಡೂ ಕೈ ಚಾಚಿ ಅತ್ತೆಯ ಮೊಣಕೈಗಳನ್ನು ಕೆಳಗಿನಿಂದ ಹಿಡಿದು ಹಬ್ಬದ ನಮಸ್ಕಾರ ಹೇಳಿದ. ಅವರು ರೂಢಿಯಂತೆ ಅವನ ಕೆನ್ನೆ ಮೂಸಿ ಹರಸಿದರು. ಬಾಗಿಲು ಮುಚ್ಚಿದರು. ಹಬ್ಬದ ದಿನ ಕೆಟ್ಟ ಮಾತಾಡಿದರೆ ವರ್ಷವಿಡೀ ಜಗಳ ತಪ್ಪದು. ಹಾಗಾಗಿ ಅತ್ತೆ ಬೈಯುವಂತಿರಲಿಲ್ಲ. ಹೊಗಳಬೇಕಿತ್ತು.

"ನನ್ನ ಮಗನೇ, ನಿನ್ನ ಬುದ್ಧಿ ಬಹಳ ದೊಡ್ಡದು. ಈ ಮನೇಲಿ ಹಿಡಿಸ್ತಾ ಇಲ್ಲ."

"ಎಲ್ಲಾ ನಿಮ್ಮ ಆಶೀರ್ವಾದ ಅಮ್ಮ."

"ಗೋಡೆ ಕುರಿಗಿಂತ ಚೆನ್ನಾಗಿ ಹಾಲು ಕರೀತಿದೆ."

ಎನೆಬಿಶ್‌ಗೆ ಉಳಿದಿದ್ದು ಒಂದೇ ದಾರಿ. ಒಲೆಗೆ ಇದ್ದಿಲುಂಡೆ ತುಂಬಿದ, ಇನ್ನೂ ತುಂಬಿದ. ಒಲೆ ಕೆಂಪಾಯಿತು. ಅತ್ತೆಯ ಕೈ ಕೋಟಿನ ಮೊದಲ ಗುಂಡಿಯ ಹತ್ತಿರ ಹೋಯಿತು. ಅವನು ಉಸಿರು ಬಿಗಿಹಿಡಿದ. ಆಗಲೇ ತಲೆಯ ಮೇಲೆ ಏನೋ ಚಟ್ ಎಂದಿತು.

ಎರಡು ವಾರದ ಉಸಿರು, ಎರಡು ವಾರದ ಚಹಾ, ನೂರೆಪ್ಪತ್ತು ಕಡುಬು: ಎಲ್ಲ ಒಟ್ಟಿಗೆ ಕರಗಿ, ಪ್ಲಾಸ್ಟಿಕ್ಕು ಬಸುರಿ ಹಸುವಿನ ಹೊಟ್ಟೆಯಂತೆ ಒಂದು ಬದಿಗೆ ಜೋತು, ಟೇಪು ಕಳಚಿ, ಒಲೆಯ ಹಿಂದೆ, ಮನೆಯ ಅತ್ಯಂತ ಗೌರವದ ಜಾಗದಲ್ಲಿ ಕೂತಿದ್ದವರ ನೆತ್ತಿಯ ಮೇಲೇ ಸುರಿಯಿತು.

ದೆಜಿದಮ್ಮ ಎದ್ದು ನಿಂತರು. ಒಂದೊಂದೇ ಗುಂಡಿ ಬಿಚ್ಚಿ ಕೋಟು ತೆಗೆದರು.

"ತೆಗೆದರು," ಎಂದು ಎನೆಬಿಶ್ ಹೆಂಡತಿಯ ಕಿವಿಯಲ್ಲಿ ಹೇಳಿದ.

"ಹಿಂಡೋಕೆ," ಎಂದಳು ಅವಳು.

ಕೋಟನ್ನು ಹೊರಗೆ ತಂದಿಟ್ಟರೆ ಕ್ಷಣದಲ್ಲಿ ಸೆಟೆದು, ಬಾಗಿಲ ಬಳಿ ಇನ್ನೊಬ್ಬ ಅತ್ತೆಯಂತೆ ತಾನೇ ನಿಂತುಕೊಂಡಿತು. ಒಳಗಿನ ಅತ್ತೆ ಮಗಳ ಹಳೆಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದರು. ಪ್ಲಾಸ್ಟಿಕ್ಕೆಲ್ಲ ಕಿತ್ತು ಬಿಸಾಡಿಸಿದರು. "ಉಣ್ಣೆ ಉಸಿರಾಡತ್ತೆ ಮಗನೇ. ಕುರಿ ಮೈಮೇಲೆ ಇದ್ದಾಗಲಿಂದ ಅದಕ್ಕೆ ಅಭ್ಯಾಸ." ಬೆಳಕಿಂಡಿಯ ಅರ್ಧ ತೆರೆಸಿದರು. ಮಂಚದಡಿಯಿಂದ ಹಳೆಯ ಉಣ್ಣೆಪಟ್ಟಿ ಎಳೆಸಿ ಗೋಡೆಯ ಬುಡಕ್ಕೆ ಸುತ್ತಿಸಿದರು. ಆಮೇಲೆ ಅವನ ಕೈಗೆ ಸಲಿಕೆ ಕೊಟ್ಟು, "ಹೊರಗಿನ ಹಿಮ ತೆಗೆದು ಬುಡಕ್ಕೆ ಒತ್ತು," ಎಂದರು.

"ಹಿಮದಿಂದ ಮನೆ ಬೆಚ್ಚಗಾಗತ್ತಾ ಅಮ್ಮ?"

"ತಲೆಗೆ ಮೂರು ಟೋಪಿ ಹಾಕಿ ಬರಿಗಾಲಲ್ಲಿ ನಿಲ್ಲಿಸಿದ್ದೀಯ ಈ ಮನೇನ. ಎಂಥ ಉದಾರಿ ನೀನು. ಈಗ ಬೂಟು ಹಾಕು."

ಒಂದು ತಾಸು ಸಲಿಕೆ ಎತ್ತಿ ಅವನು ಒಳಗೆ ಬಂದಾಗ ಒಲೆಯಲ್ಲಿ ಇದ್ದದ್ದು ಅರ್ಧ ಬೆಂಕಿ ಮಾತ್ರ. ಆದರೂ ನೆಲ ಬೆಚ್ಚಗಿತ್ತು. ಗೋಡೆ ಒಣಗುತ್ತಾ ಕುರಿಹಟ್ಟಿಯ ವಾಸನೆ ಬಿಡುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲು ಸೂರಿನ ಗಳುಗಳ ಮೇಲೆ ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ಸರಿಯುತ್ತಿತ್ತು. ಮಗು ಟೋಪಿಯಿಲ್ಲದೆ, ಅಂಗಾಲು ತೋರಿಸಿಕೊಂಡು ಮಲಗಿತ್ತು. ಅವನು ಆ ಅಂಗಾಲು ಮುಟ್ಟಿದ. ಆಗಷ್ಟೇ ಬೆಂದ ಕಡುಬಿನಷ್ಟು ಬಿಸಿ. ಎರಡು ತುಂಡು ಉಣ್ಣೆ, ಒಂದಿಷ್ಟು ಹಿಮ.

ಸಂಜೆ ಹೊರಡುವ ಮೊದಲು ಅತ್ತೆ ಕೋಟಿನ ಮಂಜನ್ನು ಕೋಲಿನಿಂದ ಬಡಿದು ಉದುರಿಸಿದರು. ಆ ಏಟುಗಳಲ್ಲಿ ಹೇಳಲಾಗದ ಮಾತುಗಳೆಲ್ಲ ಇದ್ದವು.

"ಮಗಳೂ ಮಗೂನೂ ಇಲ್ಲೇ ಇರಲಿ. ಬೆಚ್ಚಗಿದೆ," ಎಂದರು. ಎನೆಬಿಶ್‌ನ ಎದೆ ಹಗುರಾಯಿತು.

"ನಾನು ನಿನ್ನನ್ನ ಕರಕೊಂಡು ಹೋಗ್ತೀನಿ. ನಮ್ಮ ಫ್ಲಾಟಿನ ಶಾಖದ ಕೊಳವೆಗೆ ತಿರುಗಣೆನೇ ಇಲ್ಲ. ಚಳಿಗಾಲವಿಡೀ ಕಿಟಕಿ ತೆಗೆದಿಟ್ಟು ಬೆವರ್ತೀನಿ. ತಣ್ಣಗೆ ಮಾಡೋಕೆ ಮೂರು ಜನ ಮಿಸ್ತ್ರಿ ಬಂದು ಸೋತು ಹೋದ್ರು." ಅವನ ಭುಜ ತಟ್ಟಿದರು. "ನಿನ್ನ ಕೈಲಿ ಒಂದು ವಾರದ ಕೆಲಸ ಮಗನೇ. ಸುಮ್ಮನೆ ಬಂದು, ಬೆಚ್ಚಗೆ ಮಾಡೋಕೆ ನೋಡು."