ಫೋನಿನಲ್ಲೇ ಗಿಳಿ ರಿಪೇರಿ

ಕಣ್ಣಿಗೆ ಕಾಣದ ಕಂಪ್ಯೂಟರನ್ನು ಫೋನಿನಲ್ಲೇ ರಿಪೇರಿ ಮಾಡುವವರಿಗೆ ನಗುವಿಗೆ ಬರ ಇರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೃಷ್ಣಮೂರ್ತಿಪುರಂನ ಮನೆಯೊಂದರ ಮುಂಗೋಣೆಯೇ ನಮ್ಮ ಕಂಪನಿ. ಇದ್ದದ್ದು ಕಂಪನಿಯ ಯಜಮಾನರು, ಕೆಲಸಕ್ಕಿದ್ದ ನಾನು, ಒಂದು ಫೋನು. ಮಾಡುತ್ತಿದ್ದದ್ದು ಮಕ್ಕಳ ಪಾಠದ ಸಿಡಿ. ಅದರೊಳಗೊಂದು ಗಿಳಿ ಪ್ರಶ್ನೆ ಕೇಳುತ್ತಿತ್ತು. ಸರಿಯುತ್ತರ ಒತ್ತಿದರೆ ‘ಭೇಷ್! ಭೇಷ್!’ ಎನ್ನುತ್ತಿತ್ತು, ಇಲ್ಲವೆಂದರೆ ‘ತಪ್ಪು ಮರಿ, ಇನ್ನೊಮ್ಮೆ ನೋಡು’. ಗಿಳಿಯ ದನಿ ನನ್ನದೇ. ಅದು ಕೆಟ್ಟರೆ ಬೈಸಿಕೊಳ್ಳುವ ಕಿವಿಯೂ ನನ್ನದೇ.

೧. ಆಯುಧಪೂಜೆ ಆದಮೇಲೆ

ಹಬ್ಬ ಮುಗಿದು ಬಾಗಿಲು ತೆಗೆದ ದಿನ ಲಷ್ಕರ್ ಮೊಹಲ್ಲಾದಿಂದ ಒಬ್ಬ ಅಂಗಡಿಯವರ ಫೋನು.

“ಗಿಳಿ ಮಾತಾಡ್ತಾನೇ ಇಲ್ಲ ಕಣ್ರೀ. ಹಬ್ಬಕ್ಕೆ ಮುಂಚೆ ಚೆನ್ನಾಗಿತ್ತು.”

ಸ್ಪೀಕರ್ ನೋಡಿಸಿದೆ, ವೈರು ನೋಡಿಸಿದೆ, ಆರಿಸಿ ಹಾಕಿಸಿದೆ. ಯಾವುದಕ್ಕೂ ಬಗ್ಗಲಿಲ್ಲ.

“ಸಿಡಿ ತೆಗೆದು ಹೊಳೆಯೋ ಕಡೆ ನೋಡಿ ಸಾರ್. ಕಲೆ ಏನಾದ್ರೂ ಇದೆಯಾ?”

“ಛೆ, ಕಲೆಗಿಲೆ ಏನಿಲ್ಲ. ಗಂಧ, ಕುಂಕುಮ ಇದೆ, ಅಷ್ಟೇ.”

“ಮೆತ್ತನೆ ಬಟ್ಟೇಲಿ ಒರೆಸಿಬಿಡಿ.”

ಅವರಿಗೆ ಎದೆ ಒಡೆದಂತಾಯಿತು. “ಹೆಣ್ಮಗಳಾಗಿ ಕುಂಕುಮ ಒರೆಸು ಅಂತೀರಲ್ಲಮ್ಮ!”

ಹೊಸ ಸಿಡಿ ಕಳಿಸಿಕೊಟ್ಟೆವು. ಹಳೆಯದಕ್ಕೆ ಅವರ ದೇವರ ಮನೆಯಲ್ಲಿ ದಿನಾ ಮಂಗಳಾರತಿಯಂತೆ.

೨. ಹೋಗು

ನಿವೃತ್ತ ಮೇಷ್ಟ್ರೊಬ್ಬರದು ಬೇರೆಯೇ ದೂರು. “ನಿಮ್ಮ ಸಿಡಿ ಮುಗಿಯೋದೇ ಇಲ್ಲಮ್ಮ. ಬೆಳಗ್ಗೆಯಿಂದ ಗಿಳಿ ಅಲ್ಲೇ ಕೂತಿದೆ.”

“ಕೆಳಗಡೆ ‘ಹೋಗು’ ಅಂತ ಬಟನ್ ಇದೆ, ಒತ್ತಿ ಸಾರ್.”

“ಒತ್ತೋಕೆ ನಮ್ಮಮ್ಮ ಬಿಡ್ತಿಲ್ಲ.”

ಹಿಂದಿನಿಂದ ಮುದುಕಮ್ಮನ ಗದರಿಕೆ ಕೇಳಿಸಿತು: “ದೀಪ ಹಚ್ಚೋ ಹೊತ್ನಲ್ಲಿ ಮನೇಲಿರೋ ಗಿಣೀನ ಓಗು ಅಂತಾರೇನೋ? ಓಗಿ ಬಾ ಅಂತ ಬರೀಲಿ, ಒತ್ಬುಡು!”

ಆ ತಾಯಿ ಹೇಳಿದ್ದು ನ್ಯಾಯವೇ. ಮುಂದಿನ ಸಿಡಿಯಲ್ಲಿ ‘ಹೋಗಿ ಬಾ’ ಎಂದು ಬರೆದೆವು. ಸಂಜೆಯಾದರೆ “ಇನ್ನು ಹೋಗಮ್ಮ” ಎನ್ನುತ್ತಿದ್ದ ಯಜಮಾನರೂ ಅಂದಿನಿಂದ “ಹೋಗಿ ಬಾಮ್ಮ” ಎನ್ನತೊಡಗಿದರು.

೩. ಭೇಷ್

ನಗು ಬೇಕಾದಷ್ಟಿತ್ತು, ವ್ಯಾಪಾರ ಇರಲಿಲ್ಲ. ಕಡೆಗೆ ಮಠದ ಶಾಲೆಯೊಂದು ನಮ್ಮ ಸಿಡಿ ತೆಗೆದುಕೊಂಡಿತು. ಕಂಪ್ಯೂಟರ್ ಕೋಣೆಯ ಉದ್ಘಾಟನೆಗೆ ಬರುವ ಸ್ವಾಮೀಜಿ ಮೆಚ್ಚಿದರೆ ಮಠದ ಎಲ್ಲ ಶಾಲೆಗೂ ನಮ್ಮ ಗಿಳಿಯೇ. ಮೆಚ್ಚದಿದ್ದರೆ ಕಂಪನಿಗೆ ಬೀಗ ಎಂದು ಯಜಮಾನರು ಹೇಳಿಬಿಟ್ಟಿದ್ದರು. ಆ ಕೋಣೆ, ಆ ಫೋನು, ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು.

ಉದ್ಘಾಟನೆಯ ದಿನ ಬೆಳಗ್ಗೆಯೇ ಹೆಡ್ಮಾಸ್ಟರ ಫೋನು. “ಅಮ್ಮಾ, ಬುದ್ಧಿಯೋರು ತಪ್ಪು ಉತ್ತರ ಒತ್ತಿದ್ರೆ ಗಿಳಿ ‘ತಪ್ಪು ಮರಿ’ ಅಂದ್ಬುಡುತ್ತಲ್ಲ! ಸ್ವಾಮೀಜಿಗಳಿಗೆ! ಅದೂ ಏಕವಚನದಲ್ಲಿ!”

ಸಿಡಿಯಲ್ಲಿದ್ದದ್ದನ್ನೆಲ್ಲ ಅವರು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಫೋನಿನಲ್ಲೇ ಹೇಳುತ್ತ, ‘ತಪ್ಪು’ ಎನ್ನುವ ದನಿಯ ಜಾಗಕ್ಕೂ ‘ಭೇಷ್’ ದನಿಯನ್ನೇ ಹಾಕಿಸಿದೆ. ಹೆಡ್ಮಾಸ್ಟರು ನಿಟ್ಟುಸಿರು ಬಿಟ್ಟರು. ನಡುವೆ ಏನಾದರೂ ಕೆಟ್ಟರೆ ಇರಲಿ ಎಂದು ರಿಸೀವರನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟುಕೊಂಡರು. ಇತ್ತ ನಾನೂ ಯಜಮಾನರೂ ಒಂದೇ ರಿಸೀವರಿಗೆ ಕಿವಿ ಹಚ್ಚಿ ಕೂತೆವು.

“ಏಳು ಎಂಟಲ ಎಷ್ಟು?” ಎಂದು ನನ್ನ ದನಿ ಕೇಳಿತು.

“ಭೇಷ್! ಭೇಷ್!” ಚಪ್ಪಾಳೆ.

ಸ್ವಲ್ಪ ಹೊತ್ತಿಗೆ ಮತ್ತೆ “ಭೇಷ್! ಭೇಷ್!” ಈಗ ಚಪ್ಪಾಳೆ ಸಣ್ಣದು. ಮತ್ತೊಮ್ಮೆ “ಭೇಷ್! ಭೇಷ್!” ಚಪ್ಪಾಳೆಯೇ ಇಲ್ಲ.

“ಹೆಡ್ಮಾಸ್ಟ್ರೇ,” ಸ್ವಾಮೀಜಿಯ ದನಿ. “ಐವತ್ತಾರು ಒತ್ತಿದೆವು, ಭೇಷ್ ಅಂತು. ಐವತ್ತು ಅಂದೆವು, ಅದಕ್ಕೂ ಭೇಷ್. ಅರವತ್ತಕ್ಕೂ ಭೇಷ್!”

ಯಜಮಾನರು ಕಣ್ಣು ಮುಚ್ಚಿಕೊಂಡರು. ಹೆಡ್ಮಾಸ್ಟರು ತಡವರಿಸುತ್ತ ನಡೆದದ್ದನ್ನೆಲ್ಲ ಒಪ್ಪಿಸಿಬಿಟ್ಟರು. ಆಮೇಲೆ ಫೋನು ನಡುಗುವ ಹಾಗೆ ಸ್ವಾಮೀಜಿ ನಕ್ಕರು.

“ತಪ್ಪನ್ನ ತಪ್ಪು ಅನ್ನೋ ಆ ಗಿಳೀನೇ ನಮ್ಮ ಎಲ್ಲ ಶಾಲೆಗೂ ಹಾಕಿಸಿ. ನಾವೇನಂದ್ರೂ ಭೇಷ್ ಅನ್ನೋರು ಮಠದಲ್ಲೇ ಬೇಕಾದಷ್ಟು ಜನ ಇದ್ದಾರೆ.”