ಮಾವನ ಬಲಗಾಲು

ನಮ್ಮ ಮಾವ ಒದ್ದರೆ ಜನ ಕೈಮುಗಿಯುತ್ತಾರೆ! ನಂಬುವುದಿಲ್ಲವೇ? ಭಾನುವಾರ ಬೆಳಿಗ್ಗೆ ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಬಂದು ನೋಡಿ. ನನ್ನ ಈ ಸೋದರಮಾವ ಹುಟ್ಟುವಾಗಲೇ ತಲೆಯ ಬದಲು ಕಾಲು ಮುಂದಿಟ್ಟು ಬಂದವರು. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದವರು, ಕತ್ತು ತಿರುಗದವರು ಜಗಲಿಯ ಮೇಲೆ ಕಾದು ಕೂತಿರುತ್ತಾರೆ. ಮಾವ ಬಲಗಾಲು ತೊಳೆದು ಬಂದು ಒಬ್ಬೊಬ್ಬರಿಗೂ ಪ್ರಸಾದ ಹಂಚುತ್ತಾರೆ.

ಆ ಕಾಲಿನ ಜಂಬವೋ! ಒಮ್ಮೆ ಮಂಡ್ಯದ ಬಸ್ಸಿನಲ್ಲಿ ಯಾರೋ ಅದನ್ನು ತುಳಿದುಬಿಟ್ಟರು. ಮಾವ ಕಂಡಕ್ಟರನ ವಿಸಿಲ್‌ಗಿಂತ ಜೋರಾಗಿ ಕೂಗಿದರು: "ಲೇ, ಅದು ಬಲಗಾಲು ಕಣ್ಲಾ! ತುಳಿಯಂಗಿದ್ರೆ ಎಡಗಾಲ್ ತುಳಿ!"

ಕಬ್ಬಿನ ಗದ್ದೆಯಲ್ಲಿ ಮಾತ್ರ ಅದೇ ಕಾಲು ಬೆಕ್ಕಿನ ಹೆಜ್ಜೆ ಇಡುತ್ತದೆ. ಮೊಳಕೆಯ ಹತ್ತಿರ ಯಾರಾದರೂ ಸುಳಿದರೆ, "ಕಣ್ ಕಾಣಾಕಿಲ್ವಾ? ಇನ್ನೂ ಎಳೇದು ಕಣ್ಲಾ, ಸುತ್ಕಂಡ್ ಓಗು!"

ನನ್ನ ಮಗಳಿಗೆ ಹದಿಮೂರು ವರ್ಷ. ಖೋಖೋ ಎಂದರೆ ಊಟ ಬಿಡುವವಳು. ಈ ವರ್ಷ ಕಬ್ಬಿನ ಹಾಗೆ ಸರ್ರನೆ ಉದ್ದವಾದಳು. ಜೊತೆಗೇ ಮಂಡಿಯ ಕೆಳಗೆ ನೋವು, ನೆಲ್ಲಿಕಾಯಿಯಷ್ಟು ಗಂಟು. ಮಂಡ್ಯದ ಮೂಳೆ ಡಾಕ್ಟರು ನೋಡಿ, "ಹೆದರಬೇಡಿ. ಬೆಳೆಯೋ ಮೂಳೆನ ತೊಡೆಯ ಸ್ನಾಯು ಎಳೆದೆಳೆದು ಹೀಗಾಗಿದೆ. ನೋವು ಇಳಿಯೋವರೆಗೆ ಓಟ, ಜಿಗಿತ ಕಮ್ಮಿ ಮಾಡ್ಲಿ. ಬಟ್ಟೇಲಿ ಸುತ್ತಿ ಐಸ್ ಇಡಿ, ತೊಡೆ ಸಡಿಲಿಸೋ ವ್ಯಾಯಾಮ ಮಾಡಿಸಿ. ಗಂಟನ್ನ ತಿಕ್ಕೋದು, ಗುದ್ದೋದು ಮಾತ್ರ ಬೇಡ" ಎಂದರು. ಮಗಳ ಕಿವಿಗೆ ಬಿದ್ದದ್ದು ಒಂದೇ: ಮದ್ದೂರಿನ ಪಂದ್ಯ ಆಡುವಂತಿಲ್ಲ!

ಮುಂದಿನ ಭಾನುವಾರ ಇಬ್ಬರೂ ಕೊಪ್ಪಕ್ಕೆ ಹೋಗಿದ್ದೆವು. ನಾನು ಕಾಫಿ ಹಿಡಿದು ಅಡುಗೆಮನೆಯಿಂದ ಬರುತ್ತೇನೆ, ಜಗಲಿಯ ಮೇಲೆ ಮಗಳು ಕಾಲು ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಾಳೆ. "ಜೋರಾಗೇ ಒದಿ ತಾತ, ನಾಳಿದ್ದು ಮ್ಯಾಚು!" ಅವಳ ಮಂಡಿಯ ಮೇಲೆ, ಗಾಳಿಯಲ್ಲಿ, ಆ ಬಲಗಾಲು! ಲೋಟ ಯಾವಾಗ ಕೈಜಾರಿತೋ ತಿಳಿಯದು.

"ಮಾವಾ, ಬೇಡ! ಅದು ಉಳುಕಲ್ಲ, ಬೆಳೀತಿರೋ ಮೂಳೆ!"

ಇವತ್ತಿಗೂ ಪಾತ್ರೆ ತೊಳೆಯುತ್ತಿರುವಾಗ ಆ ಕಾಲು ಕಣ್ಣೆದುರು ಏಳುತ್ತದೆ. ಕಾಫಿ ಇನ್ನೊಂದು ಕುದಿ ಬರಲೆಂದು ಒಲೆಯ ಮುಂದೆ ನಿಂತುಬಿಟ್ಟಿದ್ದರೆ?

ಮಾವ ಕೊಕ್ಕರೆಯಂತೆ ಒಂಟಿಕಾಲಿನಲ್ಲೇ ನಿಂತಿದ್ದರು. "ಬೆಳೀತಿರೋದಾ?" ಕಾಲನ್ನು ನಿಧಾನವಾಗಿ, ಅವಳಿಂದ ದೂರಕ್ಕೆ ಇಳಿಸಿದರು. "ಎಳೇದ್ನ ತುಳಿಯಾಕ್ ಓಗಿದ್ನಲ್ಲವ್ವಾ..."

ಮಗಳು ಅಳತೊಡಗಿದಳು. "ಹಂಗಾದ್ರೆ ಮ್ಯಾಚು?"

"ನೋವು ಇಳೀಲಿ, ಆಮೇಕೆ ಆಡೀವಂತೆ ಬುಡವ್ವ. ನಾಳಿದ್ದು ನಾನೂ ಬತ್ತೀನಿ, ಜೊತೇಲ್ ಕೂತ್ಕಂಡ್ ನೋಡಾನ."

ಬಂದರು ಕೂಡ. ಮದ್ದೂರಿನ ಮೈದಾನದ ಅಂಚಿನಲ್ಲಿ ನೆಲದ ಮೇಲೆ ಕೂತು, ತಮ್ಮ ಟವೆಲಿನಲ್ಲಿ ಐಸ್ ಸುತ್ತಿ ಅವಳ ಮಂಡಿಗೆ ಇಟ್ಟರು. ಹಿಮ್ಮಡಿಗೆ ಕಲ್ಲು ಒತ್ತುತ್ತದೆ ಎಂದಳು ಮಗಳು. ಬಸ್ಸಿನಲ್ಲಿ ಯಾರಿಗೂ ಸೋಕಗೊಡದ ಆ ಬಲಗಾಲನ್ನೇ ಮಾವ ಅವಳ ಹಿಮ್ಮಡಿಯಡಿಗೆ ತಳ್ಳಿದರು! ಅವಳೋ ಗೆಳತಿಯರನ್ನು ಕೂಗಿ ಕೂಗಿ ಹುರಿದುಂಬಿಸುತ್ತ, ಪ್ರತಿ ಕೂಗಿಗೂ ಹಿಮ್ಮಡಿ ಒತ್ತುತ್ತಿದ್ದಳು. ಮಾವ ಅಲುಗಲಿಲ್ಲ.

ಅಷ್ಟರಲ್ಲಿ ಸೊಂಟ ಹಿಡಿದುಕೊಂಡು ಪರಿಚಯದವರೊಬ್ಬರು ಬಂದರು. "ಯಜಮಾನ್ರೇ, ಎದ್ದು ಒಂದೇ ಒಂದು ಒದೆ ಕೊಡಿ."

ಮಾವ ಐಸನ್ನು ಸರಿಯಾಗಿ ಒತ್ತಿ ಹಿಡಿದು, ತಲೆ ಎತ್ತದೆಯೇ ಅಂದರು: "ಇವತ್ತು ಆಗಾಕಿಲ್ಲ ಕಣಯ್ಯ. ಕಾಲು ಕೆಲ್ಸದಲ್ಲೈತೆ."